ಗಿರಣಿಯೂರಿನ ಒಂದು ಕೋಣೆಯ ಮನೆ

ಒಂದೇ ಕೋಣೆಯಲ್ಲಿ ಅಡಿಗೆ, ಊಟ, ನಿದ್ರೆ, ಬಾಣಂತಿತನಗಳೆಲ್ಲವನ್ನೂ ಸಾಗಿಸುವ ಕಷ್ಟವನ್ನು ನಮ್ಮ ವಾಚಕ ಸೋದರಿಯರಲ್ಲಿ ಅನೇಕರು ಬಲ್ಲರು. ಅಂತಹ ಮನೆಗಳಿಂದಲೇ ಬೆಳೆದ ಊರೊಂದು ಸ್ಕಾಟ್ಲೆಂಡಿನಲ್ಲಿ ಉಂಟು. ಅದರ ಹೆಸರು ನ್ಯೂ ಲಾನಾರ್ಕ್.

ನಮ್ಮ ಗೋಕಾಕದ ಗಿರಣಿಯು ಘಟಪ್ರಭೆಯ ಜಲಪಾತವನ್ನು ನಂಬಿ ನೆಲೆಗೊಂಡಂತೆ, ಕ್ಲೈಡ್ ನದಿಯ ಜಲಪಾತಗಳ ಬಳಿ ಡೇವಿಡ್ ಡೇಲ್ ಎಂಬ ವರ್ತಕನು 1786ರಲ್ಲಿ ಅರಳೆಯ ನೂಲನ್ನು ತೆಗೆಯುವ ಗಿರಣಿಯನ್ನು ಆರಂಭಿಸಿದನು. ಚಕ್ರವನ್ನು ತಿರುಗಿಸಲು ನೀರಿದ್ದಿತು, ದುಡಿಯಲು ಜನರಿರಲಿಲ್ಲ. ಆದುದರಿಂದ ಒಡೆಯನೇ ಮನೆಗಳನ್ನೂ ಕಟ್ಟಿಸಬೇಕಾಯಿತು. ಆ ಕಲ್ಲುಮಹಡಿಗಳಲ್ಲಿ ಸಾಮಾನ್ಯವಾಗಿ ಸಂಸಾರಕ್ಕೊಂದು ಕೋಣೆ. ಗೋಡೆಯ ಗೂಡಿನಲ್ಲಿ ಹಿರಿಯರ ಮಂಚ. ಅದರಡಿಯಲ್ಲಿ ಗಾಲಿಗಳ ಮೇಲೆ ಜರುಗುವ ಇನ್ನೊಂದು ಮಂಚ. ರಾತ್ರಿ ಹೊರಗೆಳೆದರೆ ಮಕ್ಕಳಿಗೆ ಹಾಸಿಗೆ. ಬೆಳಗ್ಗೆ ಒಳದೂಡಿದರೆ ನಡೆದಾಡಲು ನೆಲ. ನೀರನ್ನು ಹೊರಗಿನಿಂದ ಹೊತ್ತು ತರಬೇಕಾಗಿದ್ದಿತು.

1800ರಲ್ಲಿ ಡೇಲನ ಅಳಿಯ ರಾಬರ್ಟ್ ಓವೆನ್ ಆಡಳಿತವನ್ನು ವಹಿಸಿಕೊಂಡನು. ಬೀದಿಯ ತಿಪ್ಪೆಗಳನ್ನು ತೆಗೆಯಿಸಿದನು. ಮನೆಗಳ ಚೊಕ್ಕಟವನ್ನು ನೋಡಲು ಪರೀಕ್ಷಕರನ್ನು ನೇಮಿಸಿದನು. ಉದ್ದೇಶವು ಒಳ್ಳೆಯದೇ. ಆದರೂ ಗೃಹಿಣಿಯರು ಕೆರಳಿದರು. ಪರೀಕ್ಷಕರಿಗೆ ‘ತಿಗಣೆ ಬೇಟೆಗಾರರು’ ಎಂದು ಅಡ್ಡಹೆಸರಿಟ್ಟರು. ಕೆಲವರು ಬಾಗಿಲನ್ನೇ ಹಾಕಿಕೊಂಡರು. ದುಡಿಮೆಯೂ ಒಡೆಯನದು, ಸೂರೂ ಒಡೆಯನದು. ತಮ್ಮದೆನ್ನಲು ಅವರಿಗೆ ಉಳಿದುದು ಆ ಹೊಸಿಲೊಂದೇ. ಅದನ್ನೂ ಅನ್ಯರು ದಾಟಿ ಬಂದರೆ ಯಾವ ತಾಯಿ ಸಹಿಸಿಯಾಳು?

ಅವರ ಮನಸ್ಸು ತಿರುಗಿದುದು ಬೇರೊಂದು ಕಾರಣದಿಂದ. 1806ರ ಸುಮಾರಿಗೆ ಅಮೆರಿಕದ ಅರಳೆ ಬಾರದೆ ಗಿರಣಿ ನಿಂತಿತು. ಓವೆನ್ ಯಾರನ್ನೂ ಬಿಡಿಸಲಿಲ್ಲ. ಯಂತ್ರಗಳನ್ನು ಶುಚಿಯಾಗಿಡುವ ಕೆಲಸವನ್ನಷ್ಟೇ ಹೇಳಿ, ನಾಲ್ಕು ತಿಂಗಳು ಪೂರ್ತಿ ಸಂಬಳವನ್ನು ಕೊಟ್ಟನು. ಅದಕ್ಕೆ 7,000 ಪೌಂಡುಗಳಿಗೂ ಮಿಕ್ಕ ಹಣ ತಗಲಿತು. ಜನರ ನಂಬಿಕೆಯು ತನಗೆ ದೊರೆತುದು ಆಗಲೇ ಎಂದು ಅವನೇ ಬರೆದಿರುವನು. ಮುಂದೆ 1816ರಲ್ಲಿ ಅವನು ತೆರೆದ ಶಾಲೆಗೆ ಆ ಮನೆಗಳ ಪುಟ್ಟ ಕೂಸುಗಳೂ ಬಂದವು.

ಗಿರಣಿಯು 1968ರಲ್ಲಿ ಮುಚ್ಚಿತು. ಹಾಳುಬೀಳಲಿದ್ದ ಮನೆಗಳನ್ನು ದುರಸ್ತಿಮಾಡಿ ಉಳಿಸಿಕೊಂಡರು. 2001ರಲ್ಲಿ ಊರು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಂದಿಗೂ ಅಲ್ಲಿ ಸಂಸಾರಗಳಿವೆ. ಹಳೆಯ ಕಾರ್ಮಿಕನ ಮನೆಯೊಂದನ್ನು ನೋಡುವವರಿಗಾಗಿ ಹಿಂದಿನಂತೆಯೇ ಸಜ್ಜುಗೊಳಿಸಿರುವರು.

ಬಡವರ ಮನೆಯನ್ನು ತಿದ್ದಹೊರಟವರು ಮೊದಲು ಅವರ ಒಲೆ ಆರದಂತೆ ನೋಡಿಕೊಳ್ಳಬೇಕು. ಆಗ ಬಾಗಿಲು ತಾನಾಗಿ ತೆರೆಯುವುದೆಂದು ನಾವು ನಂಬುತ್ತೇವೆ.