ಪ್ರಾಗ್‌ನ 600 ವರ್ಷ ಹಳೆಯ ಗಡಿಯಾರ: ಗೊಂಬೆ ನೋಡಿ ಹೊರಟುಬಿಡಬೇಡಿ, ಸಮಯ ಓದುವುದು ಹೀಗೆ

ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್‌ಗೆ ಹೋದವರು ತಪ್ಪದೇ ನಿಲ್ಲುವ ಜಾಗ ಓಲ್ಡ್ ಟೌನ್ ಚೌಕ. ಬೆಳಗ್ಗೆ 9ರಿಂದ ರಾತ್ರಿ 11ರವರೆಗೆ ಗಂಟೆಗೊಮ್ಮೆ ಇಲ್ಲಿನ ಹಳೆಯ ಪುರಭವನದ ಗೋಡೆಯತ್ತ ನೂರಾರು ಮೊಬೈಲ್‌ಗಳು ಏಳುತ್ತವೆ. ಅಸ್ಥಿಪಂಜರದ ಗೊಂಬೆ ಹಗ್ಗ ಎಳೆಯುತ್ತದೆ, ಎರಡು ಕಿಟಕಿಗಳಲ್ಲಿ ಏಸುವಿನ 12 ಶಿಷ್ಯರು ಬಂದು ಹೋಗುತ್ತಾರೆ, ಕೊನೆಗೆ ಹುಂಜ ಕೂಗುತ್ತದೆ. ಸುಮಾರು ಒಂದು ನಿಮಿಷ. ‘ಇಷ್ಟೇನಾ?’ ಎನ್ನುತ್ತಾ ಗುಂಪು ಚದುರುತ್ತದೆ.

ಅಸಲಿ ವಿಷಯ ಇರುವುದು ಗೊಂಬೆಗಳ ಕೆಳಗಿನ ನೀಲಿ ಫಲಕದಲ್ಲಿ. 1410ರ ಈ ಗಡಿಯಾರ, ಇಂದಿಗೂ ಓಡುತ್ತಿರುವ ಖಗೋಳ ಗಡಿಯಾರಗಳಲ್ಲೇ ಅತ್ಯಂತ ಹಳೆಯದು ಎನ್ನಲಾಗುತ್ತದೆ. ಪಂಚಾಂಗ ನೋಡಿ ಗೊತ್ತಿರುವ ಭಾರತೀಯರಿಗೆ ಇದು ಬೇಗ ಅರ್ಥವಾಗುತ್ತದೆ.

ಓದುವುದು ಹೇಗೆ?

ಫಲಕದ ನಡುವೆ ಇರುವುದು ಭೂಮಿ. ಸೂರ್ಯ, ಚಂದ್ರರೇ ಅದರ ಸುತ್ತ ತಿರುಗುತ್ತಾರೆ. ಕೋಪರ್ನಿಕಸ್ ಹುಟ್ಟುವುದಕ್ಕೂ ಮುಂಚಿನ ಗಡಿಯಾರವಲ್ಲವೇ! ನೀಲಿ ಭಾಗ ಹಗಲು, ಕಪ್ಪು ಭಾಗ ರಾತ್ರಿ. ಚಂದ್ರನ ಗುಂಡು ಅರ್ಧ ಬೆಳ್ಳಿ, ಅರ್ಧ ಕಪ್ಪು. ಅದು ತನ್ನಷ್ಟಕ್ಕೆ ತಿರುಗುತ್ತಾ ಹುಣ್ಣಿಮೆ, ಅಮಾವಾಸ್ಯೆ ತೋರಿಸುತ್ತದೆ.

ಚಿನ್ನದ ಮುಳ್ಳು ರೋಮನ್ ಅಂಕಿಗಳ ಮೇಲೆ ತೋರಿಸುವುದು ನಮಗೆ ಗೊತ್ತಿರುವ ಸಮಯ. ಹೊರಗಿನ ಕಪ್ಪು ಪಟ್ಟಿಯಲ್ಲಿ 1ರಿಂದ 24ರವರೆಗಿನ ಅಂಕಿಗಳಿವೆ. ಅದು ಹಳೆಯ ಚೆಕ್ ಕಾಲ. ಅಲ್ಲಿ ದಿನ ಮುಗಿಯುವುದು ಮಧ್ಯರಾತ್ರಿಗಲ್ಲ, ಸೂರ್ಯಾಸ್ತಕ್ಕೆ.

ಮೂರನೆಯ ಲೆಕ್ಕವೇ ಸ್ವಾರಸ್ಯಕರ. ನೀಲಿ ಭಾಗದ ಬಾಗಿದ ಗೆರೆಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು 12 ಸಮಭಾಗ ಮಾಡುತ್ತವೆ. ರಾಹುಕಾಲಕ್ಕೆ ಹಗಲನ್ನು ಎಂಟು ಭಾಗ ಮಾಡುವ ರೀತಿಯೇ ಇದು. ಹಗಲು ಹಿಗ್ಗಿದರೆ ‘ಗಂಟೆ’ಯೂ ಹಿಗ್ಗುತ್ತದೆ. ಪ್ರಾಗ್‌ನಲ್ಲಿ ಜೂನ್‌ನ ಹಗಲು 16 ಗಂಟೆ ದಾಟಿದರೆ, ಡಿಸೆಂಬರ್‌ನಲ್ಲಿ ಬರೀ 8. ಹಾಗಾಗಿ ಬೇಸಿಗೆಯ ಒಂದು ‘ಗಂಟೆ’ ಎಂದರೆ ಸುಮಾರು 80 ನಿಮಿಷ, ಚಳಿಗಾಲದಲ್ಲಿ 40.

ಒಳಗಿನ ಉಂಗುರದಲ್ಲಿ ಮೇಷದಿಂದ ಮೀನದವರೆಗೆ ಅವೇ 12 ರಾಶಿಗಳು. ಆದರೆ ನಮ್ಮ ಲೆಕ್ಕದೊಂದಿಗೆ ಹೋಲಿಸಿ ಗೊಂದಲಕ್ಕೆ ಬೀಳಬೇಡಿ. ನಮ್ಮ ಸೂರ್ಯ ಮಕರಕ್ಕೆ ಬರುವುದು ಜನವರಿ 14ರ ಸುಮಾರಿಗೆ. ಇಲ್ಲಿನ ಸೂರ್ಯ ಡಿಸೆಂಬರ್ 21-22ಕ್ಕೇ ಅಲ್ಲಿರುತ್ತಾನೆ.

ಕಣ್ಣು ಕೀಳಿಸಿದ ಕತೆ

ಗಡಿಯಾರ ಮಾಡಿದ ಹನುಷ್ ಇಂಥದ್ದು ಇನ್ನೊಂದು ಮಾಡಬಾರದೆಂದು ನಗರದ ಆಡಳಿತಗಾರರು ಅವನ ಕಣ್ಣು ತೆಗೆಸಿದರು ಎಂದು ಗೈಡ್‌ಗಳು ಹೇಳುತ್ತಾರೆ. ತಾಜ್ ಮಹಲ್ ಶಿಲ್ಪಿಗಳ ಕೈ ಕಡಿದರು ಎಂಬ ಕತೆಯ ತಮ್ಮ ಇದು. ಇತಿಹಾಸದ ಪ್ರಕಾರ ಇದನ್ನು ಮಾಡಿದ್ದು ಕಡಾನ್ ಊರಿನ ಮಿಕುಲಾಶ್. ಲೆಕ್ಕಾಚಾರಕ್ಕೆ ನೆರವಾದದ್ದು ವಿದ್ವಾಂಸ ಯಾನ್ ಶಿಂಡೆಲ್.

ನಿಜವಾದ ಗಾಯ ಆಗಿದ್ದು 1945ರ ಮೇ ತಿಂಗಳಲ್ಲಿ. ಪ್ರಾಗ್ ದಂಗೆಯ ಕೊನೆಯ ದಿನಗಳಲ್ಲಿ ಜರ್ಮನ್ ಸೇನೆಯ ದಾಳಿಗೆ ಪುರಭವನ ಹೊತ್ತಿ ಉರಿಯಿತು. ಮರದ ಶಿಷ್ಯರು ಸುಟ್ಟುಹೋದರು. ಈಗ ಕಾಣುವ ಶಿಷ್ಯರನ್ನು ಆಮೇಲೆ ಕೆತ್ತಲಾಯಿತು. ಗಡಿಯಾರ ಮತ್ತೆ ಓಡಿದ್ದು 1948ರಲ್ಲಿ. ಸುಟ್ಟ ಪೂರ್ವ ಭಾಗದ ಕಟ್ಟಡವನ್ನು ಮತ್ತೆ ಕಟ್ಟಲೇ ಇಲ್ಲ, ಪಕ್ಕದ ಖಾಲಿ ಜಾಗ ಅದೇ.

ಫಲಕದ ಎಡಕ್ಕೆ ಹಣದ ಚೀಲ ಹಿಡಿದ ಗೊಂಬೆಯನ್ನೂ ಗಮನಿಸಿ. ಈಗ ಅವನನ್ನು ‘ಜಿಪುಣ’ ಎನ್ನುತ್ತಾರೆ. ಯುದ್ಧಕ್ಕೆ ಮುಂಚೆ ಅವನು ಯಹೂದಿ ಬಡ್ಡಿ ವ್ಯಾಪಾರಿಯ ಅಣಕವಾಗಿದ್ದ. ಯುದ್ಧದ ನಂತರ ಗಡ್ಡ ತೆಗೆದು ಹೆಸರು ಬದಲಿಸಲಾಯಿತು. ಆ ಹೊತ್ತಿಗೆ ಆ ಜನರೇ ಹೆಚ್ಚು ಉಳಿದಿರಲಿಲ್ಲ. ಚೌಕದಿಂದ ಕೆಲವೇ ನಿಮಿಷ ನಡೆದರೆ ಪಿಂಕಾಸ್ ಸಿನಗಾಗ್ ಸಿಗುತ್ತದೆ. ನಾಜಿಗಳಿಗೆ ಬಲಿಯಾದ ಬೊಹೀಮಿಯಾ, ಮೊರಾವಿಯಾದ ಸುಮಾರು 80 ಸಾವಿರ ಯಹೂದಿಗಳ ಹೆಸರನ್ನು ಅದರ ಒಳಗೋಡೆಗಳ ಮೇಲೆ ಕೈಯಲ್ಲೇ ಬರೆಯಲಾಗಿದೆ. ಗಡಿಯಾರ ನೋಡುವ ದಿನವೇ ಇದನ್ನೂ ನೋಡುವುದು ಒಳ್ಳೆಯದು. ಶನಿವಾರ ಮಾತ್ರ ಬೇಡ, ಅಂದು ಬಾಗಿಲು ಮುಚ್ಚಿರುತ್ತದೆ.