ಹೆಸರು ನಾಲ್ಕು, ಬ್ಯಾಟರಿ ಒಂದೇ

ಮೊನ್ನೆ ವಿಲ್ಸನ್ ಗಾರ್ಡನ್‌ನಲ್ಲಿ ಮದುವೆ ಫೋಟೋ ತೆಗೆಯೋ ಗೆಳೆಯರ ಸ್ಟುಡಿಯೋಗೆ ಹೋಗಿದ್ದೆ. ಅಲ್ಲಿನ ಹುಡುಗ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳೋಕೆ ಹೊರಟಿದ್ದ. ಯಾವುದು ತಗೊಳ್ಳಲಿ ಸರ್ ಅಂದ.

ವೀಕ್ಷಕರೇ, ಲೆಕ್ಕ ನೋಡಿ. 2010ರಿಂದ 2013ರವರೆಗೆ ಕ್ಯಾನನ್ 550ಡಿ, 600ಡಿ, 650ಡಿ, 700ಡಿ ಬಂದವು. ನಾಲ್ಕೂ 18 ಮೆಗಾಪಿಕ್ಸೆಲ್. ನಾಲ್ಕಕ್ಕೂ ಎಲ್‌ಪಿ-ಇ8 ಬ್ಯಾಟರಿ. ಲೆನ್ಸ್ ಕೂರೋ ಬಾಯಿಯೂ ಒಂದೇ.

ಯಾಕೆ? ಒಂದು ಬಿಡಿಭಾಗದ ವಿನ್ಯಾಸ, ಅಚ್ಚು, ಪರೀಕ್ಷೆಗೆ ಮೊದಲೇ ದುಡ್ಡು ಸುರಿಯಬೇಕು. ಅದೇ ಭಾಗ ನಾಲ್ಕು ಮಾಡೆಲ್‌ಗೆ ಹೊಂದಿದರೆ ಆ ಖರ್ಚು ನಾಲ್ಕರ ಮೇಲೂ ಹಂಚಿಹೋಗುತ್ತೆ. ಇದು ಮೋಸ ಅಲ್ಲ, ಜಾಣತನ. ಹಳೇ ಬ್ಯಾಟರಿ, ಲೆನ್ಸ್ ನಮಗೂ ಉಳಿಯುತ್ತೆ.

ಹುಡುಗನಿಗೆ ಹೇಳಿದೆ: ತಿರುಗೋ ಪರದೆ, ಟಚ್ ಬೇಕಾದರೆ ಹೊಸದು ತಗೋ. ಬರೀ ನಂಬರ್‌ಗೋಸ್ಕರ ಸಾಲ ಬೇಡಪ್ಪಾ!