ಜೀನ್ ಸಿಗಲಿಲ್ಲ, ಪಕ್ಕದ ಮನೆ ಸಿಕ್ಕಿತು

ಸಂಜೆ ಚರ್ಚೆಗೆ ಬರೋ ರಾಜಕಾರಣಿಗಳ ಬಾಯಲ್ಲಿ ಒಂದು ಮಾತು ಸವೆದುಹೋಗಿದೆ. ‘ಅದು ನಮ್ಮ ಪಕ್ಷದ ಡಿಎನ್‌ಎನಲ್ಲೇ ಇದೆ ಸಾರ್’ ಅಂತ. ಅಂದ್ರೆ ಕಲ್ಲಿನಲ್ಲಿ ಕೆತ್ತಿದ ಹಾಗೆ, ಬದಲಾಗೋದೇ ಇಲ್ಲ ಅಂತ ಅವರ ಅರ್ಥ. ಅಸಲಿಗೆ ಡಿಎನ್‌ಎ ಹಾಗಿಲ್ಲ. ತಲೆಮಾರಿನಿಂದ ತಲೆಮಾರಿಗೆ ದಾಟುವಾಗ ಪ್ರತಿ ಸಲವೂ ಅದು ತುಂಡಾಗುತ್ತೆ, ಅದಲು ಬದಲಾಗುತ್ತೆ, ಮತ್ತೆ ಸೇರಿಕೊಂಡು ಮುಂದಕ್ಕೆ ಹೋಗುತ್ತೆ. ಹಾಗೆ ನೋಡಿದ್ರೆ ನಮ್ಮ ಪಕ್ಷಗಳಿಗೆ ಹೋಲಿಕೆ ಸರಿಯಾಗೇ ಇದೆ ಅನ್ನಿ.

ಇರಲಿ. ಈ ಅದಲು ಬದಲನ್ನು ಲೆಕ್ಕ ಹಾಕಿಯೇ ವಿಜ್ಞಾನಿಗಳು ಒಂದು ಭಯಾನಕ ಕಾಯಿಲೆಯ ಜೀನ್ ಎಲ್ಲಿದೆ ಅಂತ ಕಂಡುಹಿಡಿದರು. ಜೀನನ್ನು ನೋಡದೆಯೇ! ಅದು ಹೇಗೆ?

ನಮ್ಮ ಜೀವಕೋಶಗಳಲ್ಲಿ 23 ಜೊತೆ ಕ್ರೋಮೋಸೋಮ್‌ಗಳಿವೆ. ಪ್ರತಿ ಜೊತೆಯಲ್ಲಿ ಒಂದು ಅಪ್ಪನಿಂದ ಬಂದದ್ದು, ಒಂದು ಅಮ್ಮನಿಂದ ಬಂದದ್ದು. ಒಂದು ಮೊಳ ಮಲ್ಲಿಗೆ, ಒಂದು ಮೊಳ ಕನಕಾಂಬರ ಅಂದ್ಕೊಳ್ಳಿ. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಈ ಎರಡು ಮಾಲೆಗಳು ಅಕ್ಕಪಕ್ಕ ಮಲಗುತ್ತವೆ. ಎರಡನ್ನೂ ಒಂದೇ ಜಾಗದಲ್ಲಿ ಕತ್ತರಿಸಿ, ತುಂಡುಗಳನ್ನು ಅದಲು ಬದಲು ಮಾಡಿ ಗಂಟು ಹಾಕಿದ ಹಾಗೆ ಆಗುತ್ತೆ. ಮಗುವಿಗೆ ಸಿಗೋದು ಸ್ವಲ್ಪ ಮಲ್ಲಿಗೆ, ಸ್ವಲ್ಪ ಕನಕಾಂಬರ ಇರೋ ಒಂದು ಮಾಲೆ. ಇದೇ ರಿಕಾಂಬಿನೇಷನ್.

ಈಗ ಮಾಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿರೋ ಎರಡು ಹೂವು ನೋಡಿ. ಕತ್ತರಿ ಸರಿಯಾಗಿ ಅವೆರಡರ ನಡುವೆಯೇ ಬೀಳೋ ಸಾಧ್ಯತೆ ಎಷ್ಟು? ತೀರಾ ಕಡಿಮೆ. ಆ ತುದಿಗೊಂದು, ಈ ತುದಿಗೊಂದು ಇದ್ರೆ? ಬೇರೆಯಾಗೋದು ಸುಲಭ. ಹತ್ತಿರದ ಜೀನ್‌ಗಳು ಹೀಗೆ ಜೊತೆ ಬಿಡದೆ ಸಾಗೋದಕ್ಕೆ ಲಿಂಕೇಜ್ ಅಂತಾರೆ. ಮೆಂಡೆಲ್‌ನ ಬಟಾಣಿ ಪಾಠದಲ್ಲಿ ಒಂದು ಗುಣ ಇನ್ನೊಂದರ ಹಂಗಿಲ್ಲದೆ ಹೋಗುತ್ತೆ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಲ್ಲ, ಅದು ಅರ್ಧ ಕಥೆ. ಉಳಿದರ್ಧ ಇದು.

ಈ ಉಳಿದರ್ಧ ತಿಳಿದದ್ದು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಬಾಳೆಹಣ್ಣಿನ ಮೇಲೆ ಹಾರಾಡ್ತವಲ್ಲ, ಆ ಸಣ್ಣ ನೊಣಗಳನ್ನು ಥಾಮಸ್ ಹಂಟ್ ಮಾರ್ಗನ್ ಹಾಲಿನ ಬಾಟಲಿಗಳಲ್ಲಿ ಸಾಕ್ತಿದ್ದರು. ಅವರ ಬಳಿ ಆಲ್ಫ್ರೆಡ್ ಸ್ಟರ್ಟವಂಟ್ ಅಂತ ಒಬ್ಬ ವಿದ್ಯಾರ್ಥಿ. ಇನ್ನೂ ಡಿಗ್ರಿ ಮುಗಿಸದ ಹುಡುಗ. ಎರಡು ಗುಣಗಳು ಎಷ್ಟು ಸಲ ಬೇರೆಯಾಗ್ತವೆ ಅಂತ ಎಣಿಸಿದ್ರೆ ಅವುಗಳ ನಡುವಿನ ದೂರ ಗೊತ್ತಾಗುತ್ತಲ್ವಾ ಅಂತ 1911ರಲ್ಲಿ ಅವನಿಗೆ ಹೊಳೀತು. ಅಂಕಿಅಂಶ ಮನೆಗೆ ತಗೊಂಡು ಹೋದ, ಕಾಲೇಜಿನ ಹೋಂವರ್ಕ್ ಬದಿಗಿಟ್ಟ, ರಾತ್ರಿಯೆಲ್ಲ ಕೂತು ಪ್ರಪಂಚದ ಮೊದಲ ಜೀನ್ ನಕ್ಷೆ ಬರೆದ. ಹಳದಿ ಮೈ, ಬಿಳಿ ಕಣ್ಣಿನ ಜೀನ್‌ಗಳು ಬೇರೆಯಾಗೋದು ನೂರಕ್ಕೆ ಒಂದು ಸಲ. ಅಂದ್ರೆ ಪಕ್ಕದ ಮನೆಯವರು. ಬಿಳಿ ಕಣ್ಣು, ಚಿಕ್ಕ ರೆಕ್ಕೆಯದು ನೂರಕ್ಕೆ ಮೂವತ್ತರ ಆಸುಪಾಸು. ಅಂದ್ರೆ ಬೇರೆ ಬೀದಿಯವರು. 1913ರಲ್ಲಿ ಅದು ಪ್ರಕಟವಾಯ್ತು. ಡಿಎನ್‌ಎ ಹೇಗಿದೆ ಅಂತ ಜಗತ್ತಿಗೆ ತಿಳಿಯೋದಕ್ಕೆ ಇನ್ನೂ ನಲವತ್ತು ವರ್ಷ ಇತ್ತು!

ನೊಣದ ಈ ಲೆಕ್ಕ ಮನುಷ್ಯರ ಕೈಹಿಡಿದದ್ದು ಹಂಟಿಂಗ್ಟನ್ ಕಾಯಿಲೆಯಲ್ಲಿ. ಸಾಮಾನ್ಯವಾಗಿ ಮೂವತ್ತರಿಂದ ಐವತ್ತರ ನಡುವೆ ಶುರುವಾಗುತ್ತೆ. ಕೈಕಾಲು ಹಿಡಿತವಿಲ್ಲದೆ ಕುಣಿದಾಡುತ್ತವೆ, ಸ್ವಭಾವ ಬದಲಾಗುತ್ತೆ, ನೆನಪು ಹೋಗುತ್ತೆ. ಗುಣಪಡಿಸೋ ಔಷಧ ಇವತ್ತಿಗೂ ಇಲ್ಲ. ಅಪ್ಪನಿಗೋ ಅಮ್ಮನಿಗೋ ಇದ್ರೆ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಲಕ್ಷಣ ಕಾಣೋ ಹೊತ್ತಿಗೆ ಮದುವೆ ಆಗಿ ಮಕ್ಕಳೂ ಆಗಿರ್ತಾರೆ. ಅದೇ ಇದರ ಕ್ರೌರ್ಯ.

ಅಮೆರಿಕದ ನ್ಯಾನ್ಸಿ ವೆಕ್ಸ್ಲರ್ ಅವರ ತಾಯಿಗೆ ಈ ಕಾಯಿಲೆ ಇದೆ ಅಂತ 1968ರಲ್ಲಿ ಗೊತ್ತಾಯ್ತು. ನ್ಯಾನ್ಸಿ ಮತ್ತು ಅಕ್ಕ ಆಲಿಸ್, ಇಬ್ಬರಿಗೂ ಅರ್ಧಕ್ಕರ್ಧ ಅಪಾಯ. ನ್ಯಾನ್ಸಿ ಅಳುತ್ತಾ ಕೂರಲಿಲ್ಲ. ವೆನೆಜುವೆಲಾದ ಮರಕೈಬೋ ಸರೋವರದ ದಂಡೆಯಲ್ಲಿ ಈ ಕಾಯಿಲೆ ತಲೆತಲಾಂತರದಿಂದ ಇರೋ ಬೆಸ್ತರ ಹಳ್ಳಿಗಳಿದ್ದವು. 1979ರಲ್ಲಿ ಅಲ್ಲಿಗೆ ಹೋದರು. ಆಮೇಲೆ ವರ್ಷ ವರ್ಷವೂ ತಂಡ ಕಟ್ಟಿಕೊಂಡು ಹೋಗಿ ವಂಶವೃಕ್ಷ ಬರೆದರು, ರಕ್ತದ ಮಾದರಿ ತಂದರು. ‘ನನ್ನ ಅಮ್ಮನಿಗೂ ಇದೇ ಇತ್ತು’ ಅನ್ನೋದು ಆ ಜನರಿಗೆ ಗೊತ್ತಾದ ಮೇಲೆ ಅವರು ಹೊರಗಿನವರಾಗಿ ಉಳಿಯಲಿಲ್ಲ.

ಆ ರಕ್ತ ಹೋಗಿದ್ದು ಬಾಸ್ಟನ್‌ನಲ್ಲಿದ್ದ ಜೇಮ್ಸ್ ಗುಸೆಲ್ಲಾ ಅವರ ಪ್ರಯೋಗಾಲಯಕ್ಕೆ. ಕಾಯಿಲೆಯ ಜೀನ್ ಯಾವ ಕ್ರೋಮೋಸೋಮ್‌ನಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಹಾಗಾಗಿ ಅವರು ಡಿಎನ್‌ಎಯಲ್ಲಿ ಗುರುತುಗಳನ್ನು ಹುಡುಕಿದರು. ಕೆಲವರಲ್ಲಿ ಒಂದು ಥರ, ಕೆಲವರಲ್ಲಿ ಇನ್ನೊಂದು ಥರ ಇರೋ ಜಾಗಗಳು, ಅಷ್ಟೇ. ಗುರುತಿಗೂ ಕಾಯಿಲೆಗೂ ಸಂಬಂಧವೇ ಇಲ್ಲ. ಆದರೆ ಒಂದು ಗುರುತು ಕಾಯಿಲೆ ಇದ್ದವರ ಜೊತೆಗೇ ಮತ್ತೆ ಮತ್ತೆ ಸಾಗ್ತಾ ಇದೆ ಅಂದ್ರೆ ಅದು ಆ ಜೀನಿನ ಪಕ್ಕದ ಮನೆ ಅಂತ ತಾನೇ? ದಶಕಗಳೇ ಬೇಕಾಗಬಹುದು ಅಂದುಕೊಂಡವರಿದ್ದರು. ಮೊದಲ ಹತ್ತು ಹನ್ನೆರಡು ಗುರುತುಗಳಲ್ಲೇ ಲಾಟರಿ ಹೊಡೀತು. ಜಿ8 ಅನ್ನೋ ಗುರುತಿನ ಎ, ಬಿ, ಸಿ, ಡಿ ನಾಲ್ಕು ರೂಪಗಳಲ್ಲಿ ವೆನೆಜುವೆಲಾದ ಆ ದೊಡ್ಡ ಕುಟುಂಬದಲ್ಲಿ ‘ಸಿ’ ರೂಪವೇ ಕಾಯಿಲೆಯ ಬೆನ್ನು ಬಿಡದೆ ಹೋಗ್ತಿತ್ತು. ಜಾಗ ಸಿಕ್ಕಿತು. ನಾಲ್ಕನೇ ಕ್ರೋಮೋಸೋಮ್. ಇಸವಿ 1983.

ಆದರೆ ಸಿಕ್ಕಿದ್ದು ಬೀದಿ, ಮನೆ ಅಲ್ಲ. ಜೀನ್ ಕೈಗೆ ಸಿಗೋಕೆ ಇನ್ನೂ ಹತ್ತು ವರ್ಷ ಹಿಡೀತು, 1993ರವರೆಗೆ. ಕೆಲವು ಕುಟುಂಬಗಳ ರಿಕಾಂಬಿನೇಷನ್ ಲೆಕ್ಕ ಜೀನ್ ಕ್ರೋಮೋಸೋಮಿನ ತುತ್ತತುದಿಯಲ್ಲಿದೆ ಅಂತ ದಾರಿ ತಪ್ಪಿಸಿತ್ತು. ಅದು ಇದ್ದದ್ದು ಸಾಕಷ್ಟು ಒಳಗೆ.

ಈ ನಡುವಿನ ಕಾಲದಲ್ಲಿ ಏನಾಯ್ತು ಅನ್ನೋದನ್ನ ಸ್ವಲ್ಪ ನಿಧಾನವಾಗಿ ನೋಡಬೇಕು. 1986ರ ಹೊತ್ತಿಗೆ ಪಕ್ಕದ ಮನೆ ನೋಡಿ ಭವಿಷ್ಯ ಹೇಳೋ ಪರೀಕ್ಷೆ ಶುರುವಾಯ್ತು. ನಿಮ್ಮೊಬ್ಬರ ರಕ್ತ ಸಾಲದು. ನಿಮ್ಮ ಮನೆತನದಲ್ಲಿ ಕಾಯಿಲೆ ಯಾವ ರೂಪದ ಗುರುತಿನ ಜೊತೆ ಬಂದಿದೆ ಅಂತ ತಿಳಿಯೋಕೆ ಕಾಯಿಲೆಯ ಅಪ್ಪ, ಅಜ್ಜಿ, ಚಿಕ್ಕಪ್ಪ, ಎಲ್ಲರ ರಕ್ತವೂ ಬೇಕು. ಅಪ್ಪ ತೀರಿಕೊಂಡಿದ್ರೆ? ಚಿಕ್ಕಪ್ಪ ‘ನಾನು ಕೊಡಲ್ಲ’ ಅಂದ್ರೆ? ಎಷ್ಟೋ ಸಲ ಪರೀಕ್ಷೆ ಅಲ್ಲಿಗೇ ನಿಂತುಹೋಗ್ತಿತ್ತು. ಎಲ್ಲರೂ ಕೊಟ್ಟರೂ ಉತ್ತರ ಪೂರ್ತಿ ಖಚಿತ ಅಲ್ಲ. ಜಿ8ಗೂ ಜೀನಿಗೂ ನಡುವೆ ಕತ್ತರಿ ಬೀಳೋ ಸಾಧ್ಯತೆ ನೂರಕ್ಕೆ ನಾಲ್ಕೈದು. ‘ನಿಮಗೆ ಕಾಯಿಲೆ ಬರಲ್ಲ’ ಅಂತ ಕೇಳಿಸಿಕೊಂಡು ಮನೆಗೆ ಹೋದವರಿಗೂ ಆ ಕತ್ತರಿ ತಲೆಯ ಮೇಲೆ ತೂಗುತ್ತಲೇ ಇತ್ತು.

1993ರ ನಂತರ ಈ ತಾಪತ್ರಯ ಇಲ್ಲ. ಆ ಜೀನಿನಲ್ಲಿ ಸಿ-ಎ-ಜಿ ಅನ್ನೋ ಮೂರು ಅಕ್ಷರ ಎಷ್ಟು ಸಲ ಮರುಕಳಿಸಿದೆ ಅಂತ ಎಣಿಸಿದ್ರೆ ಸಾಕು. 40 ಅಥವಾ ಹೆಚ್ಚಿದ್ರೆ, ಪೂರ್ಣ ಆಯಸ್ಸು ಬದುಕಿದವರಿಗೆ ಕಾಯಿಲೆ ಬಂದೇ ಬರುತ್ತೆ. ಹಾಗಾದ್ರೆ ಹಳೇ ಲಿಂಕೇಜ್ ಪರೀಕ್ಷೆ ಕಸದ ಬುಟ್ಟಿಗೆ ಹೋಯ್ತಾ? ಇಲ್ಲ. ‘ನನಗಿದೆಯೋ ಇಲ್ಲವೋ ನನಗೆ ಗೊತ್ತಾಗೋದು ಬೇಡ, ಆದರೆ ಹುಟ್ಟೋ ಮಗುವಿಗೆ ಬರಬಾರದು’ ಅನ್ನೋರಿದ್ದಾರೆ. ಅಪ್ಪನ ಹತ್ತಿರ ಇರೋ ನಾಲ್ಕನೇ ಜೊತೆಯಲ್ಲಿ ಒಂದು ಕಾಯಿಲೆಯ ತಾತನಿಂದ ಬಂದದ್ದು, ಇನ್ನೊಂದು ಆರೋಗ್ಯವಂತ ಅಜ್ಜಿಯಿಂದ. ಜೀನಿಗೆ ಅಂಟಿಕೊಂಡಿರೋ ಗುರುತು ನೋಡಿ ಗರ್ಭಕ್ಕೆ ಹೋಗಿರೋ ಆ ಭಾಗ ಅಜ್ಜಿಯದು ಅಂತ ಗೊತ್ತಾದ್ರೆ ಮಗುವಿಗೆ ಬಹುತೇಕ ಅಪಾಯ ಇಲ್ಲ. ತಾತನದು ಅಂತಾದ್ರೆ ಅಪ್ಪನಿಗಿರೋ ಅರ್ಧಕ್ಕರ್ಧ ಅಪಾಯವೇ ಮಗುವಿಗೂ. ಅಪ್ಪನ ಗುಟ್ಟು ಅಪ್ಪನಿಗೇ ಗೊತ್ತಾಗದ ಹಾಗೆ ಉಳಿಯುತ್ತೆ. ಗರ್ಭ ಉಳಿಸಿಕೊಳ್ಳಬೇಕೋ ಬೇಡವೋ ಅನ್ನೋ ಸಂಕಟ ಮಾತ್ರ ಯಾವ ಯಂತ್ರವೂ ತೀರಿಸಲ್ಲ.

ಅಂದ ಹಾಗೆ, ಇಷ್ಟೆಲ್ಲ ಮಾಡಿದ ನ್ಯಾನ್ಸಿ ಪರೀಕ್ಷೆ ಮಾಡಿಸಿಕೊಳ್ಳಲು ಮುಂದೆ ಬರಲಿಲ್ಲ. ತಮಗೂ ಕಾಯಿಲೆ ಬಂದಿದೆ ಅಂತ 2020ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು.

ಸೋದರಮಾವನ ಜೊತೆ ಮದುವೆ ಆಗಿದ್ದಕ್ಕೇ ಇಂಥದ್ದು ಬಂತು ಅನ್ನೋರು ನಮ್ಮ ಕಡೆ ಇದ್ದಾರೆ. ರಕ್ತಸಂಬಂಧದ ಮದುವೆಯಿಂದ ಹೆಚ್ಚಾಗೋ ಕಾಯಿಲೆಗಳು ಬೇರೆ. ಅವಕ್ಕೆ ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಪ್ರತಿ ಬರಬೇಕು. ಹಂಟಿಂಗ್ಟನ್‌ಗೆ ಒಂದೇ ಸಾಕು, ಯಾವ ಮದುವೆಯೂ ಕಾರಣ ಅಲ್ಲ. ಮನೆಯಲ್ಲಿ ಯಾರಿಗಾದ್ರೂ ಇಂಥ ಲಕ್ಷಣ ಇದ್ರೆ ಸೊಸೆಯ ತವರನ್ನು ಬೈಯೋ ಬದಲು ನಿಮ್ಹಾನ್ಸ್‌ನಂಥ ಕಡೆ ನರರೋಗ ತಜ್ಞರಿಗೆ ತೋರಿಸಿ. ಲಕ್ಷಣ ಇಲ್ಲದವರಿಗೆ ರಕ್ತ ತೆಗೆಯೋ ಮುಂಚೆ ಕೂರಿಸಿ ಮಾತಾಡಬೇಕು, ಬೇಡ ಅಂದ್ರೆ ಅಲ್ಲಿಗೇ ಬಿಡಬೇಕು ಅನ್ನೋದು ಈ ಪರೀಕ್ಷೆಯ ಪದ್ಧತಿ. 18 ತುಂಬದ, ಲಕ್ಷಣ ಇಲ್ಲದ ಮಕ್ಕಳಿಗೆ ಮಾಡೋದಿಲ್ಲ. ಅಪ್ಪ ಅಮ್ಮ ಬಂದು ಕೇಳಿದರೂ.